ಜಾಂಗಾ ಬಾಯಿಯ ಅಟ್ಟಣೆ

ಮಧ್ಯ ಆಫ್ರಿಕಾ ಗಣರಾಜ್ಯದ ನೈಋತ್ಯ ಮೂಲೆಯ ದಟ್ಟ ಕಾಡಿನ ನಡುವೆ ಸುಮಾರು ಅರ್ಧ ಕಿ.ಮೀ. ಉದ್ದದ ಒಂದು ಬಯಲಿದೆ. ಹೆಸರು ಜಾಂಗಾ ಬಾಯಿ. ನಮ್ಮ ಬಾಯಿಗೂ ಇದಕ್ಕೂ ನಂಟಿಲ್ಲ. ಅಲ್ಲಿನ ಕಾಡುಜನರ ಮಾತಿನಲ್ಲಿ 'ಬಾಯಿ' ಎಂದರೆ ಕಾಡಿನೊಳಗಿನ ತೆರೆದ ಜೌಗು. ಆದರೆ ಆನೆಗಳು ಇಲ್ಲಿಗೆ ಬರುವುದು ಬಾಯಿರುಚಿಗೇ.

ಮರಳಿನಡಿಯ ನೀರಿನಲ್ಲಿ ಲವಣಗಳಿವೆ. ಆನೆ ಹೊಂಡದೊಳಗೆ ಸೊಂಡಿಲನ್ನು ಬುಡದವರೆಗೂ ಇಳಿಸಿ, ಬೇಕಾದರೆ ಮಂಡಿಯೂರಿ, ಮೊದಲು ಗಾಳಿ ಊದುತ್ತದೆ. ನೀರು ಬುಳುಬುಳು ಎಂದು ಮರಳು ಸಡಿಲಾದ ಮೇಲೆ ತಳದ ಉಪ್ಪುನೀರನ್ನು ಹೀರುತ್ತದೆ. ಒಳ್ಳೆಯ ಹೊಂಡ ಬಲಿಷ್ಠ ಆನೆಯ ಪಾಲು, ಉಳಿದವು ಸರದಿ ಕಾಯಬೇಕು. ಒಂದೇ ದಿನ 40ರಿಂದ 100 ಆನೆಗಳು ಕಾಣುವುದುಂಟು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಇಳಿಯುವ ಆನೆಯ ಜಾತಿಯಲ್ಲ ಇವು. ಆಫ್ರಿಕಾದ ದಟ್ಟಕಾಡಿನ ಆನೆ ಗಾತ್ರದಲ್ಲಿ ಚಿಕ್ಕದು, ಕಿವಿ ದುಂಡು, ದಂತ ನೇರವಾಗಿ ನೆಲದತ್ತ ಇಳಿದಿರುತ್ತದೆ. ಆ ದಂತ ಗಟ್ಟಿ. ಕೆತ್ತನೆಗೆ ಬೇಡಿಕೆ ಹೆಚ್ಚು. ತೊಂದರೆ ಶುರುವಾಗುವುದು ಅಲ್ಲಿಂದಲೇ.

1970ರ ದಶಕದಲ್ಲಿ ಹತ್ತಿರದ ಬಯಾಂಗಾ ಊರಿಗೆ ಮರ ಕೊಯ್ಯುವ ಮಿಲ್ಲು ಬಂತು. ದಿಮ್ಮಿ ಲಾರಿಗೆಂದು ಸೀಳಿದ ದಾರಿಯಲ್ಲಿ ಬೇಟೆಗಾರರೂ ಬಂದರು. 1990ರಲ್ಲಿ ಜಾಂಗಾ-ಎನ್‌ಡೋಕಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಅಮೆರಿಕದ ಆನೆ ಸಂಶೋಧಕಿ ಆಂಡ್ರಿಯಾ ಟರ್ಕಾಲೊ ಬಯಲಂಚಿನ ಅಟ್ಟಣೆಯ ಮೇಲೆ ಕೂತು, ಕಿವಿಯ ಹರಕು ಮತ್ತು ದಂತದ ಓರೆ ನೋಡಿ ಆನೆಗಳನ್ನು ಒಂದೊಂದಾಗಿ ಗುರುತಿಸತೊಡಗಿದ್ದೂ ಆಗಲೇ. ಆ ಪಟ್ಟಿ ಮುಂದೆ ಸಾವಿರಗಳಿಗೆ ಏರಿತು. 1997ರಿಂದ ಗೊರಿಲ್ಲಾಗಳನ್ನು ಮನುಷ್ಯರಿಗೆ ಒಗ್ಗಿಸುವ ಕೆಲಸ ನಡೆಯಿತು. ಎಲೆ ಮೇಲಿನ ಗುರುತು ಓದಬಲ್ಲ ಬಾ-ಅಕಾ ಎಂಬ ಅಲ್ಲಿನ ಕಾಡುಜನ ಇಲ್ಲದಿದ್ದರೆ ಅದು ಆಗದ ಮಾತು. ಒಂದು ಗುಂಪು ಒಗ್ಗಲು ವರ್ಷಗಳೇ ಬೇಕು. ನಮ್ಮ ನೆಗಡಿಯೂ ಅವಕ್ಕೆ ಪ್ರಾಣಾಪಾಯ. ಅದಕ್ಕೇ ಮಾಸ್ಕು, ಅಂತರ, ಒಂದು ತಾಸಿನ ಮಿತಿ. ಕೆಮ್ಮುವವರು ಟಿಕೆಟ್ ಕೊಂಡಿದ್ದರೂ ಕ್ಯಾಂಪಿನಲ್ಲೇ ಉಳಿಯಬೇಕು.

2012ರಲ್ಲಿ ಕ್ಯಾಮರೂನ್ ಮತ್ತು ಕಾಂಗೋ ಗಣರಾಜ್ಯದ ಕಾಡುಗಳ ಜೊತೆ ಈ ಉದ್ಯಾನವೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮರುವರ್ಷ ಮಾರ್ಚಿನಲ್ಲಿ ಸೆಲೆಕಾ ಬಂಡುಕೋರರು ರಾಜಧಾನಿ ಬಾಂಗಿಯನ್ನು ಹಿಡಿದರು. ಮೇ ತಿಂಗಳಲ್ಲಿ ಬಂದೂಕುಧಾರಿಗಳು ಬಯಲಿಗೆ ನುಗ್ಗಿ, ಅದೇ ಅಟ್ಟಣೆ ಹತ್ತಿ ಗುಂಡು ಹಾರಿಸಿದರು. 26 ಆನೆಗಳು ಸತ್ತವು. ನೋಡುವವರಿಗೆ ಯಾವುದು ಅನುಕೂಲವೋ ಕೊಲ್ಲುವವರಿಗೂ ಅದೇ ಅನುಕೂಲವಾಗಿತ್ತು: ಮರೆಯಿಲ್ಲದ ಬಯಲು, ಎತ್ತರದ ಜಾಗ, ತಾವಾಗಿಯೇ ಬಂದು ನಿಲ್ಲುವ ಆನೆಗಳು. ಕೆಲ ಕಾಲ ಬಯಲು ಬರಿದಾಗಿತ್ತು. ಉಪ್ಪಿನ ಸೆಳೆತ ಬಿಡಲಿಲ್ಲ, ಆನೆಗಳು ಮರಳಿದವು. ಪ್ರವಾಸಿಗರು ಮರಳಲು ಹೆಚ್ಚು ಸಮಯ ಹಿಡಿಯಿತು.

ಬಾಂಗಿಯಿಂದ ಬಯಾಂಗಾಕ್ಕೆ ರಸ್ತೆಯಲ್ಲಿ 500 ಕಿ.ಮೀ. ಆಸುಪಾಸು, ಮಣ್ಣುದಾರಿ, ಹಾಗಾಗಿ ಪುಟ್ಟ ವಿಮಾನವೇ ಹಗುರ. ಹಳದಿ ಜ್ವರದ ಲಸಿಕೆ ಪತ್ರ ಬೇಕೇ ಬೇಕು, ಮಲೇರಿಯಾ ಮಾತ್ರೆ ಮರೆಯಬೇಡಿ. ಹೊರಡುವ ಮೊದಲು ಭದ್ರತೆಯ ಸ್ಥಿತಿ ವಿಚಾರಿಸಿ. ಜೀಪು ನಿಂತಲ್ಲಿಂದ ಬಯಲಿಗೆ ಮುಕ್ಕಾಲು ಗಂಟೆಯ ಒಳಗಿನ ನಡಿಗೆ, ನಡುವೆ ಹೊಳೆಯೊಳಗೇ ಕಾಲಿಟ್ಟು ಸಾಗಬೇಕು. ಚರ್ಮದ ಬೂಟು ನೆನೆದರೆ ಈ ಕಾಡಿನಲ್ಲಿ ಒಣಗದು. ಪಟ್ಟಿಯ ಚಪ್ಪಲಿ ಸಾಕು. ಬೆವರಿಗೆ ಮುತ್ತುವ ಪುಟ್ಟ ಜೇನುನೊಣ ಕಚ್ಚುವುದಿಲ್ಲ, ಕಣ್ಣಿಗೆ ಮಾತ್ರ ಬೀಳುತ್ತಲೇ ಇರುತ್ತದೆ. ಆನೆಗಳು ಹೆಚ್ಚುವುದು ಮಧ್ಯಾಹ್ನದ ಮೇಲೆ. ಕತ್ತಲಾಗುವ ಮುನ್ನ ಹಿಂದಿರುಗಿ, ಏಕೆಂದರೆ ರಾತ್ರಿ ಬರುವ ಆನೆಗಳಿಗೂ ಕಾಲುದಾರಿ ಇದೇ.