ಬಿಸಿ ಕೊಟ್ಟರೆ ಏಳುವ ಚಿಪ್ ಮತ್ತೆ ಮಲಗುವುದೇಕೆ?

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದುಹೋಗುವ ದೂರದಲ್ಲೇ ಲ್ಯಾಮಿಂಗ್ಟನ್ ರೋಡ್ ಇದೆ. ಫಲಕದ ಮೇಲೆ ಅದು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಆ ಹೆಸರು ಹೇಳಿ ದಾರಿ ಕೇಳುವವರು ಕಡಿಮೆ. ಕಂಪ್ಯೂಟರಿನ ಬಿಡಿಭಾಗ ಬೇಕೆಂದರೆ ಊರಿನವರೆಲ್ಲ ಮೊದಲು ಹೋಗುವುದು ಅಲ್ಲಿಗೇ. ಆದರೆ ಅಲ್ಲಿ ನಿಂತು ‘ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಬೇರೆ ಹಾಕಿಕೊಡಿ’ ಅಂದರೆ ಅಂಗಡಿಯವರು ತುಸು ನಗುತ್ತಾರೆ. ಮಾಟುಂಗದಲ್ಲಿ ಮದುವೆ ಆಲ್ಬಂ ಮಾಡುವ ನನ್ನ ಗೆಳೆಯರೊಬ್ಬರು, ಪರದೆಯಲ್ಲಿ ಗೆರೆ ಬರತೊಡಗಿದಾಗ, ಹೀಗೇ ಕೇಳಿದರು. ರಿಪೇರಿಯ ಹುಡುಗ ವಿಜಯಪುರದ ಕಡೆಯವನು. ‘ಕಾರ್ಡ್ ಎಲ್ಲೈತ್ರಿ ಅಣ್ಣಾರ? ಎಲ್ಲಾ ಬೋರ್ಡಿಗೇ ಹಚ್ಚಿಬಿಟ್ಟಾರ’ ಅಂದ.

ಡೆಸ್ಕ್‌ಟಾಪಿನಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ಕೈಯಿಂದ ಕಿತ್ತು ಬೇರೆ ಸಿಕ್ಕಿಸಬಹುದು. ಲ್ಯಾಪ್‌ಟಾಪುಗಳಲ್ಲಿ ಆ ಅನುಕೂಲ ಬಹಳ ಅಪರೂಪ. ಗ್ರಾಫಿಕ್ಸ್ ಚಿಪ್ಪನ್ನು ನೇರವಾಗಿ ಯಂತ್ರದ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಜಾಗ ಉಳಿಯುತ್ತದೆ, ದಪ್ಪ ಕಡಿಮೆಯಾಗುತ್ತದೆ, ಖರ್ಚೂ ಕಡಿಮೆ. ತೊಂದರೆ ಗೊತ್ತಾಗುವುದು ಐದಾರು ವರ್ಷದ ಮೇಲೆ.

ಹುಡುಗ ಮುಂದೆ ಹೇಳಿದ ಮಾತು ನನಗೆ ಇನ್ನೂ ಕುತೂಹಲದ್ದು. ‘ಹೀಟ್ ಕೊಟ್ರ ಚಾಲೂ ಆಗ್ತದ್ರಿ. ಎಷ್ಟ್ ದಿನ ಅಂತ ಮಾತ್ರ ಕೇಳಬ್ಯಾಡ್ರಿ.’ ಕೆಟ್ಟ ಎಲೆಕ್ಟ್ರಾನಿಕ್ ವಸ್ತು ಬಿಸಿ ಮಾಡಿದರೆ ಸರಿಯಾಗುವುದು ಅಂದರೆ ಏನು? ಸರಿಯಾದದ್ದು ಮತ್ತೆ ಕೆಡುವುದೇಕೆ?

ಚಿಪ್ಪಿನ ಕೆಳಗೆ ಏನಿದೆ ನೋಡೋಣ. ನಾವು ಗ್ರಾಫಿಕ್ಸ್ ಚಿಪ್ ಅನ್ನುವುದು ಎರಡು ಅಂತಸ್ತಿನ ವಸ್ತು. ಮೇಲೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ತುಂಡು. ಲೆಕ್ಕ ಮಾಡುವುದೆಲ್ಲ ಅದೇ. ಅದರ ಕೆಳಗೆ ಹಸಿರು ಬಣ್ಣದ ಚೌಕಾಕಾರದ ತಳಹಾಳೆ. ಸಿಲಿಕಾನಿಗೂ ತಳಹಾಳೆಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಗುಬ್ಬಿಗಳಿವೆ. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಥವಾ ಇನ್ನೂ ಸಣ್ಣದು, ಒಟ್ಟು ಸಾವಿರದ ಲೆಕ್ಕದಲ್ಲಿ. ಸಿಲಿಕಾನನ್ನು ಹೀಗೆ ಬೋರಲು ಹಾಕಿ ಬೆಸೆಯುವ ವಿಧಾನವನ್ನು ಐಬಿಎಂ ಕಂಪನಿ 1960ರ ದಶಕದಲ್ಲೇ ತಂದಿತ್ತು. ತಳಹಾಳೆಗೂ ಮದರ್‌ಬೋರ್ಡಿಗೂ ನಡುವೆ ಇನ್ನೊಂದು ಸಾಲು ಇದೆ. ಅವು ಸ್ವಲ್ಪ ದೊಡ್ಡ ಉಂಡೆಗಳು, ಸುಮಾರು ಅರ್ಧ ಮಿಲಿಮೀಟರಿನವು. ಅಂಗಡಿಯವರು ‘ಬಾಲ್’ ಅನ್ನುವುದು ಇವಕ್ಕೆ. ಮೇಲಿನ ಗುಬ್ಬಿ, ಕೆಳಗಿನ ಉಂಡೆ ಎಂಬ ಈ ವ್ಯತ್ಯಾಸ ನೆನಪಿರಲಿ. ರಿಪೇರಿಯ ಅರ್ಧ ಗೊಂದಲ ಹುಟ್ಟುವುದು ಇದನ್ನು ಮರೆತಾಗ.

ಬಿಸಿಯಾದರೆ ಎಲ್ಲವೂ ಹಿಗ್ಗುತ್ತದೆ. ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಒಂದು ಡಿಗ್ರಿ ಏರಿದರೆ ಸಿಲಿಕಾನ್ ಹತ್ತು ಲಕ್ಷದಲ್ಲಿ 2.6 ಭಾಗ ಹಿಗ್ಗುತ್ತದೆ. ಕೆಳಗಿನ ಹಾಳೆ ಸುಮಾರು 16 ಭಾಗ. ಇಷ್ಟು ಸಣ್ಣ ವ್ಯತ್ಯಾಸ ಏನು ಮಾಡೀತು ಅನ್ನಿಸಬಹುದು. ಲೆಕ್ಕ ಹಾಕಿ. ಸಿಲಿಕಾನಿನ ನಡುವಿನಿಂದ ಮೂಲೆಗೆ 10 ಮಿಲಿಮೀಟರ್ ದೂರ, ಬಿಸಿ 50 ಡಿಗ್ರಿ ಏರಿತು ಎಂದುಕೊಳ್ಳೋಣ. ಮೂಲೆಯ ಗುಬ್ಬಿಯ ತಲೆಗೂ ಕಾಲಿಗೂ ಸುಮಾರು 7 ಮೈಕ್ರಾನಿನಷ್ಟು ಎಳೆದಾಟ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಆ ಗುಬ್ಬಿಯ ಎತ್ತರವೇ 80 ಮೈಕ್ರಾನಿನ ಆಸುಪಾಸು. ಅಂದರೆ ಎತ್ತರದ ಹತ್ತನೇ ಒಂದು ಭಾಗದ ಹತ್ತಿರ ಅದು ವಾಲಬೇಕು. ಆರಿದಾಗ ವಾಪಸ್ ಬರಬೇಕು. ಇನ್ನೊಂದು ಆಲ್ಬಂ ತೆರೆದರೆ ಮತ್ತೆ ವಾಲಬೇಕು. ಸಣ್ಣ ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಒಂದು ಹೊತ್ತಿಗೆ ಪಟ್ಟನೆ ಮುರಿಯುತ್ತದಲ್ಲ, ಅದೇ ಕಥೆ.

ಬೆಸುಗೆ ಲೋಹಕ್ಕೆ ಇನ್ನೊಂದು ದುರ್ಬಲತೆ ಇದೆ. ಅದರ ಮಟ್ಟಿಗೆ ಮುಂಬೈಯ ಕೋಣೆಯೇ ಕುಲುಮೆ. ಈಗ ಹೆಚ್ಚಾಗಿ ಬಳಸುವ ಸೀಸವಿಲ್ಲದ ಬೆಸುಗೆ ಕರಗುವುದು 217 ಡಿಗ್ರಿ ಸೆಲ್ಸಿಯಸ್ಸಿನಿಂದ, ಅಂದರೆ ಮೈನಸ್ 273 ಡಿಗ್ರಿಯಿಂದ ಎಣಿಸುವ ಕೆಲ್ವಿನ್ ಅಳತೆಯಲ್ಲಿ 490. ಕೋಣೆಯ 30 ಡಿಗ್ರಿ ಅಂದರೆ 303 ಕೆಲ್ವಿನ್. ಸುಮ್ನೆ ಮೇಜಿನ ಮೇಲೆ ಕೂತಿರುವಾಗಲೇ ಬೆಸುಗೆ ತನ್ನ ಕರಗುವ ಬಿಂದುವಿನ ಶೇ. 62ರಷ್ಟು ಬಿಸಿಯಾಗಿದೆ. ಕಬ್ಬಿಣ ಅದೇ ಪಾಲಿಗೆ ಬರಬೇಕಾದರೆ ಸುಮಾರು 850 ಡಿಗ್ರಿಗೆ ಕೆಂಪಗೆ ಕಾಯಬೇಕು. ಅಂಥ ಸ್ಥಿತಿಯಲ್ಲಿ ಲೋಹ ಸಣ್ಣ ಒತ್ತಡಕ್ಕೂ ನಿಧಾನವಾಗಿ ಜರುಗುತ್ತದೆ. ಅದರೊಳಗಿನ ಕಣರಚನೆ ದಪ್ಪವಾಗುತ್ತದೆ, ಅಂಚಿನಲ್ಲಿ ಬಿರುಕು ಹುಟ್ಟುತ್ತದೆ.

ಹೀಗೆ ದಣಿಯುವ ಲೋಹ ಎಷ್ಟು ಸಲ ತಡೆಯುತ್ತದೆ ಎಂಬುದಕ್ಕೆ ಕಾಫಿನ್ ಮತ್ತು ಮ್ಯಾನ್ಸನ್ ಎಂಬ ಇಬ್ಬರು ಅಮೆರಿಕನ್ ಎಂಜಿನಿಯರುಗಳು 1950ರ ದಶಕದಲ್ಲಿ ಬೇರೆಬೇರೆಯಾಗಿ ಒಂದೇ ಸೂತ್ರ ಕೊಟ್ಟರು. ಬೆಸುಗೆಗೆ ಅದನ್ನು ಒರಟಾಗಿ ಹೀಗೆ ಹೇಳಬಹುದು: ಬಿಸಿಯ ಏರಿಳಿತ ಅರ್ಧಕ್ಕೆ ಇಳಿದರೆ ಆಯಸ್ಸು ಸುಮಾರು ನಾಲ್ಕು ಪಟ್ಟಾಗುತ್ತದೆ. ಹೆಚ್ಚು ಬಿಸಿಗಿಂತ ಏರಿಳಿತವೇ ಇಲ್ಲಿ ದೊಡ್ಡ ಶತ್ರು. ಸದಾ 70 ಡಿಗ್ರಿಯಲ್ಲಿರುವ ಚಿಪ್ಪಿಗಿಂತ ದಿನಕ್ಕೆ ಹತ್ತು ಸಲ 40ರಿಂದ 90ಕ್ಕೆ ಹಾರುವ ಚಿಪ್ಪಿನ ಬೆಸುಗೆ ಬೇಗ ದಣಿಯುತ್ತದೆ. ಧೂಳು ತುಂಬಿದ ಫ್ಯಾನನ್ನು ಸ್ವಚ್ಛ ಮಾಡಿ, ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ ಎಂದು ಹೇಳುವುದರ ಹಿಂದೆ ಇರುವ ಲೆಕ್ಕ ಇದೇ. ಹತ್ತು ಡಿಗ್ರಿ ಉಳಿಸಿದರೂ ಲಾಭವಿದೆ.

ತಯಾರಕರಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಅದಕ್ಕೇ ಗುಬ್ಬಿಗಳ ನಡುವೆ ಒಂದು ಗಟ್ಟಿ ಅಂಟು ತುಂಬುತ್ತಾರೆ. ಎಳೆತ ಎಲ್ಲ ಗುಬ್ಬಿಗಳಿಗೂ ಹಂಚಿಹೋಗುತ್ತದೆ. ಆದರೆ ಆ ಅಂಟು ಚಿಪ್ಪಿನ ಕೆಲಸದ ಬಿಸಿಯಲ್ಲೇ ಮೆತ್ತಗಾದರೆ ಭಾರ ಮತ್ತೆ ಗುಬ್ಬಿಗಳ ಮೇಲೇ ಬೀಳುತ್ತದೆ. ಗುಬ್ಬಿ, ಅಂಟು, ತಳಹಾಳೆ ಮೂರೂ ಒಂದಕ್ಕೊಂದು ಹೊಂದಬೇಕು.

ಹೊಂದದಿದ್ದರೆ ಏನಾಗುತ್ತದೆ ಎಂದು ಜಗತ್ತು 2008ರಲ್ಲಿ ನೋಡಿತು. ಆ ವರ್ಷದ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಹೆಚ್ಚು ಪ್ರಮಾಣದಲ್ಲಿ ಕೆಡುತ್ತಿವೆ ಎಂದು ಒಪ್ಪಿಕೊಂಡು, ಅದಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಚಿಪ್ಪಿನ ಪ್ಯಾಕಿಂಗಿಗೆ ಬಳಸಿದ ವಸ್ತುಗಳು ದುರ್ಬಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಲ್ಯಾಪ್‌ಟಾಪಿನ ತಂಪಾಗಿಸುವ ವಿನ್ಯಾಸ ಮತ್ತು ಬಳಸುವವರ ರೀತಿಯನ್ನೂ ಜೊತೆಗೆ ಸೇರಿಸಿತ್ತು. ಬಳಸುವವರ ರೀತಿ! ಆನ್ ಮಾಡಿ ಆಫ್ ಮಾಡುವುದು ಬಿಟ್ಟು ಲ್ಯಾಪ್‌ಟಾಪನ್ನು ಇನ್ನು ಹೇಗೆ ಬಳಸಬೇಕಿತ್ತೋ. ಅದಕ್ಕೂ ಒಂದು ವರ್ಷ ಮೊದಲು, 2007ರಲ್ಲಿ, ಎಕ್ಸ್‌ಬಾಕ್ಸ್ 360 ಆಟದ ಪೆಟ್ಟಿಗೆಯ ಇಂಥದೇ ಕಾಯಿಲೆಗೆ ಮೈಕ್ರೋಸಾಫ್ಟ್ ನೂರು ಕೋಟಿ ಡಾಲರಿಗೂ ಹೆಚ್ಚು ತೆಗೆದಿಡಬೇಕಾಯಿತು. 2011ರ ಮ್ಯಾಕ್‌ಬುಕ್ ಪ್ರೊಗಳ ಗ್ರಾಫಿಕ್ಸ್ ತೊಂದರೆಗೆ ಆ್ಯಪಲ್ 2015ರಲ್ಲಿ ಉಚಿತ ರಿಪೇರಿ ಘೋಷಿಸಿತು.

ಇವಕ್ಕೆಲ್ಲ ಸೀಸವಿಲ್ಲದ ಬೆಸುಗೆಯೇ ಕಾರಣ ಎಂಬ ಮಾತು ಅಂಗಡಿಗಳಲ್ಲಿ ಈಗಲೂ ಕೇಳುತ್ತದೆ. ಯುರೋಪಿನ ಒಕ್ಕೂಟ 2006ರ ಜುಲೈ 1ರಿಂದ ಸೀಸವನ್ನು ನಿರ್ಬಂಧಿಸಿತು, ಅಲ್ಲಿಂದ ಎಲ್ಲ ಕೆಟ್ಟಿತು ಎಂಬ ವಾದ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಆ ನಿಯಮದಲ್ಲಿ ಚಿಪ್ಪಿನ ಒಳಗಿನ ಗುಬ್ಬಿಗಳಿಗೆ ವಿನಾಯಿತಿ ಇತ್ತು. ಆ ಕಾಲದ ಹಲವು ಚಿಪ್ಪುಗಳ ಒಳಗೆ ಇದ್ದದ್ದು ಹೆಚ್ಚು ಸೀಸದ ಗುಬ್ಬಿಗಳೇ.

ಹೀಟ್ ಕೊಡುವ ಮಾತಿಗೆ ಈಗ ಬರೋಣ. ಅಂತರ್ಜಾಲದಲ್ಲಿ ಒಂದು ಕಾಲಕ್ಕೆ ಮದರ್‌ಬೋರ್ಡನ್ನು ಅಡುಗೆಮನೆಯ ಓವನ್ನಿನಲ್ಲಿ ಸುಮಾರು 200 ಡಿಗ್ರಿಗೆ ಬೇಯಿಸುವ ಉಪಾಯ ಹಬ್ಬಿತ್ತು. ಕೆಲವರಿಗೆ ಕೆಲಸವೂ ಮಾಡಿತು. ಬೆಸುಗೆ ಕರಗಿ ಮತ್ತೆ ಕೂಡಿಕೊಂಡಿತು ಎಂದು ಎಲ್ಲರೂ ನಂಬಿದರು. ಆದರೆ 217ಕ್ಕೆ ಕರಗುವ ಉಂಡೆ 200ಕ್ಕೆ ಹೇಗೆ ಕರಗೀತು? ಒಳಗಿನ ಹೆಚ್ಚು ಸೀಸದ ಗುಬ್ಬಿಯಂತೂ 300 ಡಿಗ್ರಿಯ ಆಸುಪಾಸು ಬೇಡುತ್ತದೆ. ಏನೂ ಕರಗಿಲ್ಲ. ಎಲ್ಲವೂ ಹಿಗ್ಗಿ, ಸ್ವಲ್ಪ ಸೊಟ್ಟಗಾಗಿ, ಬಿರುಕಿನ ಎರಡು ದಡಗಳು ಮತ್ತೆ ತಾಗಿವೆ ಅಷ್ಟೇ. ತಾಗಿದ್ದು ಮತ್ತೆ ಬಿಡುತ್ತದೆ, ವಾರಕ್ಕೋ ತಿಂಗಳಿಗೋ. ಅನ್ನ ಮಾಡುವ ಓವನ್ನಿಗೆ ಬೋರ್ಡಿನ ಹೊಗೆ ಕುಡಿಸಿದ್ದು ಮಾತ್ರ ಉಳಿಯುತ್ತದೆ.

ರೀಬಾಲಿಂಗ್ ಇದಕ್ಕಿಂತ ನಾಜೂಕಿನ ಕೆಲಸ. ಚಿಪ್ಪನ್ನು ಯಂತ್ರದ ಬಿಸಿಯಲ್ಲಿ ಎತ್ತಿ, ಹಳೇ ಉಂಡೆಗಳನ್ನೆಲ್ಲ ಒರೆಸಿ, ಹೊಸ ಉಂಡೆ ಕೂರಿಸಿ ಮತ್ತೆ ಬೆಸೆಯುತ್ತಾರೆ. ಕೈಚಳಕ ನೋಡಬೇಕಾದ್ದೇ. ಬಿರುಕು ಕೆಳಗಿನ ಉಂಡೆಯಲ್ಲಿದ್ದರೆ ಇದು ನಿಜವಾದ ರಿಪೇರಿ. ಮೇಲಿನ ಗುಬ್ಬಿಯಲ್ಲಿದ್ದರೆ ಅಷ್ಟೆಲ್ಲ ಶ್ರಮದಿಂದ ಆದದ್ದು ಮತ್ತೆ ಬಿಸಿ ಕೊಟ್ಟಂತೆ ಮಾತ್ರ. ಬಿರುಕು ಎಲ್ಲಿದೆ ಎಂದು ಅಂಗಡಿಯ ಮೇಜಿನ ಮೇಲೆ ಕಾಣುವುದಿಲ್ಲ. ಬೋರ್ಡಿಗೆ ಪೆಟ್ಟು ಬಿದ್ದಿದ್ದರೆ ಉಂಡೆಯ ಮೇಲೆ ಅನುಮಾನ ಪಡಬಹುದು. ಏನೂ ಆಗದೆ ತಾನಾಗಿ ಕೆಟ್ಟಿದ್ದರೆ ನಾನು ಗುಬ್ಬಿಯ ಕಡೆಗೇ ಬೆರಳು ತೋರಿಸುತ್ತೇನೆ.

ಹಾಗಿದ್ದರೆ ಚಿಪ್ಪನ್ನೇ ಬದಲಿಸಿದರೆ? ಅದೇ ಸರಿಯಾದ ದಾರಿ, ಒಳ್ಳೆಯ ಚಿಪ್ ಸಿಕ್ಕರೆ. ಹತ್ತು ವರ್ಷ ಹಳೆಯ ಚಿಪ್ಪನ್ನು ಈಗ ಯಾರೂ ತಯಾರಿಸುವುದಿಲ್ಲ. ಗುಜರಿ ಬೋರ್ಡಿನಿಂದ ಕಿತ್ತು, ತೊಳೆದು, ಹೊಸ ಉಂಡೆ ಕೂರಿಸಿ ಮಾರುವ ಸರಕು ಜಾಸ್ತಿ. ಚಿಪ್ಪಿನ ಮೇಲಿನ ಬರಹದಲ್ಲಿ ತಯಾರಿಯ ಕಾಲ ನಾಲ್ಕು ಅಂಕಿಯಲ್ಲಿರುತ್ತದೆ. 1139 ಅಂದರೆ 2011ರ 39ನೇ ವಾರ. ಅದನ್ನು ಕೆರೆದು ಹೊಸದಾಗಿ ಅಚ್ಚು ಹಾಕುವವರೂ ಇದ್ದಾರೆ. ಮೇಲಾಗಿ, ಇದ್ದದ್ದಕ್ಕಿಂತ ದೊಡ್ಡ ಚಿಪ್ ಹಾಕಿಸಿಕೊಳ್ಳುವ ಆಸೆ ಬೇಡ. ವಿದ್ಯುತ್ ಸರ್ಕಿಟ್, ಮೆಮೊರಿ, ಬಯಾಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಎಲ್ಲ ಹಳೇ ಚಿಪ್ಪಿನ ಅಳತೆಗೇ ಇರುತ್ತವೆ.

ಮುಂಬೈಯಲ್ಲಿ ಈ ಕೆಲಸಕ್ಕೆ ಇನ್ನೊಂದು ಅಡ್ಡಿ ಮಳೆಗಾಲ. ಚಿಪ್ಪಿನ ತಳಹಾಳೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದನ್ನು ಒಮ್ಮೆಲೇ 220 ಡಿಗ್ರಿಗೆ ಒಯ್ದರೆ ಒಳಗಿನ ನೀರು ಉಗಿಯಾಗುತ್ತದೆ. ಆ ಬಿಸಿಯಲ್ಲಿ ಸಿಕ್ಕಿಬಿದ್ದ ಉಗಿಯ ಒತ್ತಡ ಹೊರಗಿನ ಗಾಳಿಯ ಒತ್ತಡದ ಇಪ್ಪತ್ತು ಪಟ್ಟಿಗೂ ಹೆಚ್ಚಾಗಬಲ್ಲದು. ತಳಹಾಳೆಯ ಪದರಗಳು ಉಬ್ಬಿ ಸೀಳುತ್ತವೆ. ಅದಕ್ಕೇ ಒಳ್ಳೆಯ ಕೆಲಸಗಾರರು ಚಿಪ್ಪನ್ನು ಮೊದಲು ಸುಮಾರು 125 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಜುಲೈ ತಿಂಗಳಲ್ಲಿ ‘ಅರ್ಧ ಗಂಟೆ ಕೂತ್ಕೊಳ್ಳಿ, ಕೊಟ್ಟೇಬಿಡ್ತೀವಿ’ ಅನ್ನುವ ಅಂಗಡಿಯಲ್ಲಿ ನಾನಂತೂ ಕೂರುವುದಿಲ್ಲ.

ನಿಜವಾಗಿ ಕಾರ್ಡು ಕಿತ್ತು ಹಾಕಬಹುದಾದ ಲ್ಯಾಪ್‌ಟಾಪುಗಳೂ ಇವೆ. ಎನ್‌ವಿಡಿಯಾ 2004ರಲ್ಲಿ ಎಂಎಕ್ಸ್ಎಂ ಎಂಬ ಸಣ್ಣ ಕಾರ್ಡಿನ ಅಳತೆಯೊಂದನ್ನು ತಂದಿತು. ಹಳೇ ಡೆಲ್ ಪ್ರಿಸಿಶನ್, ಎಚ್‌ಪಿ ಝಡ್‌ಬುಕ್‌ನಂಥ ದಪ್ಪ ಯಂತ್ರಗಳಲ್ಲಿ ಅದು ಸಿಗುತ್ತದೆ. ಅಲ್ಲೂ ತಿರುಪಿನ ತೂತು, ತಾಮ್ರದ ತಂಪುಕೊಳವೆ, ಬಯಾಸ್ ಹೊಂದಬೇಕು. ಇತ್ತೀಚೆಗೆ ಫ್ರೇಮ್‌ವರ್ಕ್ ಎಂಬ ಕಂಪನಿ ತನ್ನ 16 ಇಂಚಿನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಭಾಗವನ್ನು ಹಿಂದಿನಿಂದ ಬಿಚ್ಚಿ ಬದಲಿಸುವಂತೆ ಮಾಡಿದೆ.

ಗೆಳೆಯರ ಲ್ಯಾಪ್‌ಟಾಪಿನಲ್ಲಿ ಹುಡುಗ ಮೊದಲು ಮಾಡಿದ್ದು ಪರೀಕ್ಷೆ. ಪರದೆಯ ಗೆರೆಗಳ ಸ್ಕ್ರೀನ್‌ಶಾಟ್ ತೆಗೆದು ತನ್ನ ಫೋನಿನಲ್ಲಿ ನೋಡಿದ. ಫೋನಿನಲ್ಲೂ ಗೆರೆ ಇತ್ತು. ಇಲ್ಲದಿದ್ದರೆ ತಪ್ಪು ಪರದೆಯದೋ ಕೇಬಲ್ಲಿನದೋ ಆಗಿರುತ್ತಿತ್ತು, ಖರ್ಚೂ ಕಡಿಮೆ. ಆಮೇಲೆ ಸೇಫ್ ಮೋಡಿನಲ್ಲಿ ಚಾಲೂ ಮಾಡಿದ. ಅಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಏಳುವುದಿಲ್ಲ, ಗೆರೆಯೂ ಬರಲಿಲ್ಲ. ಅದೃಷ್ಟಕ್ಕೆ ಅದು ಎರಡು ಗ್ರಾಫಿಕ್ಸ್ ಇರುವ ಯಂತ್ರ. ಒಂದು ಬೇರೆ ಚಿಪ್, ಇನ್ನೊಂದು ಪ್ರೊಸೆಸರಿನ ಒಳಗಿನದು. 2010ರ ನಂತರದ ಇಂಥ ಹಲವು ಯಂತ್ರಗಳಲ್ಲಿ ಪರದೆಯ ತಂತಿ ಪ್ರೊಸೆಸರಿಗೇ ಹೋಗಿರುತ್ತದೆ. ಹುಡುಗ ಕೆಟ್ಟ ಚಿಪ್ಪನ್ನು ಬಯಾಸ್‌ನಲ್ಲೇ ಬಂದ್ ಮಾಡಿದ. ಫೋಟೊ ತಿದ್ದುವುದು ನಡೆಯುತ್ತಿದೆ, ವಿಡಿಯೊ ಮಾತ್ರ ತೆವಳುತ್ತದೆ. ಅವರ ಕೆಲಸಕ್ಕೆ ಇಷ್ಟು ಸಾಕು.

ನಿಮ್ಮ ಯಂತ್ರದಲ್ಲಿ ಈ ಸೌಕರ್ಯ ಇಲ್ಲದೆ ಚಿಪ್ ಅಥವಾ ಇಡೀ ಬೋರ್ಡು ಬದಲಿಸಲೇಬೇಕಾದರೆ, ಮೊದಲು ಡೇಟಾ ತೆಗೆದಿಟ್ಟುಕೊಳ್ಳಿ. ಹಣ ಕೊಡುವ ಮುಂಚೆ ಅಂಗಡಿಯಲ್ಲೇ ಅರ್ಧ ಗಂಟೆ ಭಾರದ ವಿಡಿಯೊ ಅಥವಾ ಆಟ ಓಡಿಸಿ ಚೆನ್ನಾಗಿ ಬಿಸಿ ಮಾಡಿ. ಆಮೇಲೆ ಪೂರ್ತಿ ಆಫ್ ಮಾಡಿಸಿ ಹೊರಗೆ ಹೋಗಿ ಚಹಾ ಕುಡಿದು ಬನ್ನಿ. ಯಂತ್ರ ತಣ್ಣಗಾದ ಮೇಲೆ ಮತ್ತೆ ಚಾಲೂ ಮಾಡಿಸಿ. ಬರೀ ತಾಗಿಕೊಂಡಿರುವ ಬೆಸುಗೆ ಹಲವು ಸಲ ಸಿಕ್ಕಿಬೀಳುವುದು ಈ ಎರಡನೇ ಚಾಲೂವಿನಲ್ಲಿ.