ಕಾದ ತಗಡು ಕುಗ್ಗುತ್ತದೆ

ಮಳೆಗಾಲ ಮುಗಿದು ದಸರೆ ಹತ್ತಿರವಾದಂತೆ ಮುಂಬೈಯ ಕುರ್ಲಾದ ನನ್ನ ಗ್ಯಾರೇಜಿಗೆ ಒಂದು ಬಗೆಯ ಗಾಡಿಗಳು ಬರತೊಡಗುತ್ತವೆ. ಅಪ್ಪನದೋ ಸೋದರಮಾವನದೋ ಪದ್ಮಿನಿ ಕಾರು, ಇಲ್ಲವೇ ಹಳೆಯ ಮಾರುತಿ 800. ತುಕ್ಕು ತಿಂದ ಭಾಗವನ್ನು ಮಾಲೀಕರೇ ಕತ್ತರಿಸಿ, ಹೊಸ ತಗಡು ಕೂರಿಸಿ, ಆನ್‌ಲೈನಿನಲ್ಲಿ ತರಿಸಿಕೊಂಡ ಸಿಓಟು ಯಂತ್ರದಿಂದ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ರಕ್ಷಣೆಯಲ್ಲಿ ತಂತಿ ಕರಗಿಸಿ ಬೆಸೆಯುವ ಯಂತ್ರ) ತಾವೇ ಬೆಸುಗೆ ಹಾಕಿರುತ್ತಾರೆ. ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಅದರ ಅಕ್ಕಪಕ್ಕದ ತಗಡು ಉಬ್ಬುತಗ್ಗಾಗಿ, ಬೆರಳಿನಿಂದ ಒತ್ತಿದರೆ ಟಕ್ಕೆಂದು ಒಳಗೆ ಹೋಗಿ, ಬಿಟ್ಟರೆ ಟಕ್ಕೆಂದು ಹೊರಗೆ ಬರುತ್ತದೆ. "ಬಿಸಿಗೆ ತಗಡು ಹಿಗ್ಗಿಬಿಟ್ಟಿದೆ, ಸ್ವಲ್ಪ ಬಡಿದು ಕೂರಿಸಿಕೊಡಿ" ಎಂದು ಕೇಳುತ್ತಾರೆ.

ಹಿಗ್ಗಿಲ್ಲ, ಕುಗ್ಗಿದೆ. ಎಷ್ಟು ವರ್ಷದಿಂದ ಎಷ್ಟು ಜನರಿಗೆ ಇದನ್ನು ಹೇಳಿದ್ದೇನೋ! ತಲೆಯಾಡಿಸಿ ಹೋದವರು ಮುಂದಿನ ಪ್ಯಾನಲ್ಲಿಗೂ ಅದೇ ತಪ್ಪು ಮಾಡಿಕೊಂಡು ಬರುತ್ತಾರೆ. ಆದ್ದರಿಂದ ಇಲ್ಲಿ ಈ ಒಂದು ವಿಷಯವನ್ನೇ ಹಿಡಿದು ಬರೆಯುತ್ತೇನೆ. ಮುಖವಾಡ, ಕೈಗವಸು, ಹತ್ತಿಯ ಬಟ್ಟೆ, ಬ್ಯಾಟರಿಯ ತಂತಿ ಕಳಚುವುದು, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟುಕೊಳ್ಳುವುದು, ಇವೆಲ್ಲ ಓದುಗರಿಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಗೊತ್ತಿಲ್ಲದವರು ಯಂತ್ರ ಚಾಲೂ ಮಾಡುವ ಮೊದಲು ಯಾವುದಾದರೂ ವರ್ಕ್‌ಶಾಪಿನಲ್ಲಿ ಒಂದು ದಿನ ನಿಂತು ನೋಡಿ ಬನ್ನಿ.

ಉಕ್ಕು ಕಾದರೆ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ಸುಳ್ಳಲ್ಲ. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿಯನ್ನು ನೂರು ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದು ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ, ತಣಿದ ಮೇಲೆ ಮೊದಲಿನ ಅಳತೆಗೇ ಬರುತ್ತದೆ. ಇದು ಇಡೀ ಪಟ್ಟಿ ಒಟ್ಟಿಗೆ ಕಾದಾಗಿನ ಮಾತು. ಬೆಸುಗೆಯಲ್ಲಿ ಹಾಗಾಗುವುದಿಲ್ಲ. ಬೆರಳಗಲದ ಒಂದು ಗೆರೆ ಮಾತ್ರ ಕರಗುವಷ್ಟು, ಎಂದರೆ 1,500 ಡಿಗ್ರಿಯ ಹತ್ತಿರಕ್ಕೆ ಕಾಯುತ್ತದೆ. ಅದರ ಸುತ್ತಲಿನ ತಗಡು ತಣ್ಣಗೆ, ಗಟ್ಟಿಯಾಗಿ ನಿಂತಿರುತ್ತದೆ. ಕಾದ ಗೆರೆ ಹಿಗ್ಗಲು ಹೊರಟರೆ ಸುತ್ತಲಿನ ತಣ್ಣನೆಯ ತಗಡು ಜಾಗ ಕೊಡುವುದಿಲ್ಲ. ಕೆಂಪಗೆ ಕಾದ ಉಕ್ಕು ಮೆತ್ತಗಿರುವುದರಿಂದ ಅದು ತನ್ನೊಳಗೇ ಅಮುಕಿಕೊಂಡು ದಪ್ಪವಾಗುತ್ತದೆ. ಆಮೇಲೆ ತಣಿಯುವಾಗ ಎಲ್ಲ ಉಕ್ಕಿನಂತೆ ಅದೂ ಕುಗ್ಗುತ್ತದೆ. ಆದರೆ ಅದು ಕುಗ್ಗಲು ಶುರುಮಾಡುವುದು ಹಿಗ್ಗಿದ ಅಳತೆಯಿಂದಲ್ಲ, ಅಮುಕಿಕೊಂಡ ಅಳತೆಯಿಂದ. ಹೀಗಾಗಿ ಪೂರ್ತಿ ತಣಿದಾಗ ಆ ಗೆರೆ ಮೊದಲಿದ್ದುದಕ್ಕಿಂತ ಗಿಡ್ಡವಾಗಿರುತ್ತದೆ. ಗಿಡ್ಡವಾದ ಗೆರೆ ಅಕ್ಕಪಕ್ಕದ ತಗಡನ್ನು ತನ್ನತ್ತ ಎಳೆಯುತ್ತದೆ. ರವಿಕೆಯ ಹೊಲಿಗೆಯಲ್ಲಿ ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ನೆರಿಗೆ ಬೀಳುವುದಿಲ್ಲವೇ, ಹಾಗೆ. ಬಟ್ಟೆ ಬೆಳೆದಿರುವುದಿಲ್ಲ, ದಾರ ಗಿಡ್ಡವಾಗಿರುತ್ತದೆ.

ನಂಬಿಕೆ ಬರದಿದ್ದರೆ ಯಾವುದಾದರೂ ಡೆಂಟಿಂಗ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅಪಘಾತದಲ್ಲಿ ಎಳೆದುಕೊಂಡು ಉಬ್ಬಿದ ಬಾನೆಟ್ಟನ್ನು ಕೂರಿಸಲು ಡೆಂಟರ್ ಏನು ಮಾಡುತ್ತಾನೆ? ಉಬ್ಬಿನ ನೆತ್ತಿಯಲ್ಲಿ ನಾಲ್ಕಾಣೆ ನಾಣ್ಯದಷ್ಟು ಜಾಗವನ್ನು ಗ್ಯಾಸಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾನೆ. ಚುಸ್ಸೆಂದು ಹಬೆ ಏಳುತ್ತದೆ, ಉಬ್ಬು ಇಳಿಯುತ್ತದೆ. ಅಲ್ಲಿ ಬೇಕೆಂದೇ ತಗಡನ್ನು ಕುಗ್ಗಿಸುತ್ತಿದ್ದಾನೆ. ಒಂದಡಿ ಉದ್ದದ ಬೆಸುಗೆಯನ್ನು ಒಂದೇ ಸಲಕ್ಕೆ ಎಳೆದವರು ಅಂಥ ಕುಗ್ಗುವ ಬಿಂದುಗಳನ್ನು ಸಾಲಾಗಿ, ಬೇಡದ ಜಾಗದಲ್ಲಿ ಇಟ್ಟುಕೊಂಡು ಬಂದಿರುತ್ತಾರೆ. ಬಿಸಿ ಬೇಗ ಇಳಿಯಲೆಂದು ಪ್ರತಿ ಬೆಸುಗೆಯ ಮೇಲೂ ಒದ್ದೆ ಬಟ್ಟೆ ಒತ್ತುವವರಿದ್ದಾರೆ. ಹೊಸಬರು ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ತಾನಾಗಿ ತಣಿಯಲಿ, ಕಾಯಿರಿ.

ನಾನು ಕೆಲಸ ಕಲಿತದ್ದು ಉತ್ತರಪ್ರದೇಶದ ಒಬ್ಬ ಉಸ್ತಾದರ ಕೈಕೆಳಗೆ. ಹಗಲು ಅವರ ಗ್ಯಾರೇಜು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಆಗ ಸಿಓಟು ಎಲ್ಲಿತ್ತು, ಎಲ್ಲವೂ ಆಕ್ಸಿಜನ್ ಮತ್ತು ಕಾರ್ಬೈಡ್ ಗ್ಯಾಸಿನ (ಅಸಿಟಿಲೀನ್) ಜ್ವಾಲೆಯಲ್ಲೇ. ಉಸ್ತಾದರು ಒಂದು ಕಡೆ ಬೆಸುಗೆ ಹಾಕಿ ಜ್ವಾಲೆ ಸರಿಸುತ್ತಿದ್ದರು. ನನ್ನ ಕೆಲಸ ಗೇಣು ದೂರದಲ್ಲಿ ಅಂಗೈ ಇಟ್ಟು ಹೇಳುವುದು. ಕೈ ಇಟ್ಟುಕೊಂಡಿರಲು ಆಗದಿದ್ದರೆ ಅವರು ಬೀಡಿ ಹಚ್ಚುತ್ತಿದ್ದರು. ಬೀಡಿ ಮುಗಿದ ಮೇಲೂ ಬಿಸಿಯಾಗಿದ್ದರೆ ಇನ್ನೊಂದು. ಮಾಲೀಕರು ಎದುರಿಗೆ ನಿಂತು ಗಡಿಯಾರ ನೋಡಿದರೂ ಅವರು ಕದಲುತ್ತಿರಲಿಲ್ಲ. ಅವರು ಕೂರಿಸಿದ ಪ್ಯಾನಲ್ಲುಗಳಿಗೆ ಲಂಬಿ (ಉಬ್ಬುತಗ್ಗು ತುಂಬುವ ಪುಟ್ಟಿ) ಬಳಿಯುವುದೆಂದರೆ ಕಾಗದದಷ್ಟು ತೆಳುವಾಗಿ, ಅಷ್ಟೇ.

ಈಗಿನವರಿಗೆ ಆ ಪುರುಸೊತ್ತು ಇಲ್ಲ ಎಂದು ನಾನು ಬೈಯುವುದಿಲ್ಲ. ಭಾನುವಾರ ಒಂದೇ ದಿನ ಸಿಗುತ್ತದೆ, ಸೊಸೈಟಿಯ ಪಾರ್ಕಿಂಗಿನಲ್ಲಿ ಸದ್ದು ಮಾಡಿದರೆ ಕಾರ್ಯದರ್ಶಿ ಕೆಳಗಿಳಿದು ಬರುತ್ತಾರೆ, ಬೇಗ ಮುಗಿಸುವ ಆತುರ ಸಹಜ. ಹಳೆಯ ಗಾಡಿಯ ಮೇಲೆ ಇವರಿಗಿರುವ ಅಕ್ಕರೆ ಕಂಡರೆ ನನಗೆ ನಿಜಕ್ಕೂ ಸಂತೋಷ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಶುರುವಾಗಿ ಆಮೇಲೆ ಪದ್ಮಿನಿಯಾದ ಗಾಡಿ ಇದೇ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಹೊರಬಂದದ್ದು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ 30ರಿಂದ ಬೀದಿಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಅದಾದ ಮೇಲೆ ಮನೆಯ ಪದ್ಮಿನಿಯನ್ನು ಗುಜರಿಗೆ ಹಾಕಲು ಮನಸ್ಸಾಗದವರು ನನ್ನಲ್ಲಿಗೆ ಹೆಚ್ಚು ಬರುತ್ತಿದ್ದಾರೆ.

ಅಂಥ ಒಬ್ಬ ಹುಡುಗ ಮಾಟುಂಗಾದಿಂದ ಬಂದಿದ್ದ. ಕುಂದಾಪುರ ಕಡೆಯ ಮನೆತನ, ಅಜ್ಜನ ಗಾಡಿ. ಹಿಂದಿನ ಚಕ್ರದ ಮೇಲಿನ ಪ್ಯಾನಲ್ಲಿಗೆ ಅರ್ಧ ತಗಡು ಹೊಸದು ಹಾಕಿದ್ದ. ಬೆಸುಗೆಯನ್ನು ಚಪ್ಪಟೆಯಾದ ಜಾಗದ ನಟ್ಟನಡುವೆ, ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಎಳೆದಿದ್ದ. ಅದರ ಮೇಲೊಂದು, ಕೆಳಗೊಂದು ಉಬ್ಬು. ಆ ಉಬ್ಬುಗಳನ್ನು ಮನೆಯಲ್ಲೇ ಬಡಿದು ಬಡಿದು ಇನ್ನಷ್ಟು ಕೆಡಿಸಿದ್ದ.

"ಅಂಕಲ್, ಇಲ್ಲಿ ಉಬ್ಬಿದೆ, ಬಡಿದಷ್ಟೂ ಆಚೆ ಹೋಗುತ್ತಿದೆ" ಎಂದ.

"ಉಬ್ಬಿದ ಜಾಗದಲ್ಲಿ ತಪ್ಪೇ ಇಲ್ಲ ಮಾರಾಯ, ಅದನ್ನು ಯಾಕೆ ಬಡಿಯುತ್ತೀಯ?" ಎಂದೆ.

ಉಬ್ಬಿದ ತಗಡಿನ ಅಳತೆ ಸರಿಯಾಗಿಯೇ ಇರುತ್ತದೆ. ಪಕ್ಕದ ಬೆಸುಗೆಯ ಗೆರೆ ಗಿಡ್ಡವಾಗಿ ಎಳೆಯುತ್ತಿರುವುದರಿಂದ ಅದಕ್ಕೆ ಚಪ್ಪಟೆಯಾಗಿ ಕೂರಲು ಜಾಗ ಸಾಲದು. ಉಬ್ಬನ್ನು ಬಡಿದರೆ ತಗಡು ತೆಳುವಾಗಿ ಬೆಳೆಯುತ್ತದೆ, ಜಾಗ ಇನ್ನೂ ಸಾಲದಾಗುತ್ತದೆ. ಬಡಿಯಬೇಕಾದದ್ದು ಬೆಸುಗೆಯನ್ನೇ. ಮೇಲೆದ್ದ ಬೆಸುಗೆಯನ್ನು ಎರಡೂ ಬದಿಯಲ್ಲಿ ಗ್ರೈಂಡರಿನಿಂದ ಬಹುಮಟ್ಟಿಗೆ ಇಳಿಸಿ, ಹಿಂದಿನಿಂದ ಡಾಲಿಯನ್ನು (ಪೆಟ್ಟಿಗೆ ಆನಿಕೆಯಾಗಿ ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ಗೆರೆಗೆ ಸರಿಯಾಗಿ ಆನಿಸಿ, ಮುಂದಿನಿಂದ ಸುತ್ತಿಗೆಯ ಚಪ್ಪಟೆ ಮುಖದಿಂದ ಗೆರೆಯ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಡಾಲಿ ಸರಿಯಾಗಿ ಹಿಂದೆಯೇ ಇದ್ದರೆ ಪೆಟ್ಟಿನ ಸದ್ದು ಠಣ್ ಎಂದು ಗಟ್ಟಿಯಾಗಿ ಕೇಳುತ್ತದೆ, ತಪ್ಪಿದ್ದರೆ ಡಬ್ ಎನ್ನುತ್ತದೆ. ಕಿವಿಯಿಂದಲೇ ಕೆಲಸ ಮಾಡಬಹುದು. ಪೆಟ್ಟಿಗೆ ಗೆರೆ ಕೂದಲೆಳೆಯಷ್ಟು ಉದ್ದವಾಗುತ್ತ ಬಂದಂತೆ ಉಬ್ಬು ತಾನಾಗಿ ಮಲಗತೊಡಗುತ್ತದೆ. ಹುಡುಗನ ಕೈಗೇ ಸುತ್ತಿಗೆ ಕೊಟ್ಟೆ. ತಾನು ಮುಟ್ಟದ ಜಾಗ ಇಳಿಯುವುದನ್ನು ಕಂಡು ಅವನು ಸುತ್ತಿಗೆ ಕೆಳಗಿಟ್ಟು ಅಂಗೈಯಿಂದ ಸವರಿ ಸವರಿ ನೋಡಿದ. ಎಲ್ಲ ಗಾಡಿಯೂ ಹೀಗೆ ಪೂರ್ತಿ ಸರಿಹೋಗುತ್ತದೆಂದು ನಾನು ಭರವಸೆ ಕೊಡಲಾರೆ. ಸಿಓಟು ಬೆಸುಗೆ ಗ್ಯಾಸ್ ಬೆಸುಗೆಗಿಂತ ಗಡುಸು, ಒಳಗೆ ಸರಿಯಾಗಿ ಕೂಡಿರದಿದ್ದರೆ ಪೆಟ್ಟಿಗೆ ಬಿರುಕು ಬಿಡುತ್ತದೆ. ಹಿಂದಿನಿಂದ ಕೈ ಹೋಗದ ಜಾಗಗಳೂ ಇರುತ್ತವೆ.

ಗಾಡಿಗೆ ಕೈ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿಗಳಲ್ಲಿ ಹಳೆಯ ಬಾನೆಟ್ಟೊಂದನ್ನು ಕೊಂಡು ತುಂಡು ಮಾಡಿಕೊಳ್ಳಿ. ಎರಡು ತುಂಡುಗಳನ್ನು ನಡುವೆ ಸಣ್ಣ ಸಂದು ಬಿಟ್ಟು ಅಕ್ಕಪಕ್ಕ ಇಟ್ಟು, ಒಂದು ತುದಿಯಲ್ಲಿ ಮಾತ್ರ ಟಾಂಕಾ (ಚುಕ್ಕೆಯಷ್ಟು ಸಣ್ಣ ಬೆಸುಗೆ) ಹಾಕಿ, ಅಲ್ಲಿಂದಲೇ ನಿಧಾನವಾಗಿ ಬೆಸುಗೆ ಎಳೆಯುತ್ತ ಹೋಗಿ. ಹೆಚ್ಚಾಗಿ ಅರ್ಧ ದಾರಿಗೆ ಬರುವಷ್ಟರಲ್ಲಿ ಇನ್ನೊಂದು ತುದಿಯ ಸಂದು ಮುಚ್ಚಿಕೊಂಡು, ಒಂದು ತಗಡು ಇನ್ನೊಂದರ ಮೇಲೆ ಹತ್ತುತ್ತದೆ. ಎಳೆತ ಎಷ್ಟಿದೆಯೆಂದು ಕಣ್ಣಾರೆ ಕಂಡವರು ಆಮೇಲೆ ಒಂದೇ ಓಟದ ಬೆಸುಗೆಗೆ ಹೋಗುವುದಿಲ್ಲ.

ಗಾಡಿಯ ಮೇಲೆ ಮಾಡಬೇಕಾದದ್ದು ಇಷ್ಟು. ಅಂಗುಲಕ್ಕೊಂದರಂತೆ ಟಾಂಕಾ, ಒಂದೊಂದೂ ಒಂದು ಸೆಕೆಂಡ್ ಮೀರದಂತೆ. ಒಂದನ್ನು ಈ ತುದಿಯಲ್ಲಿ, ಮುಂದಿನದನ್ನು ಆ ತುದಿಯಲ್ಲಿ, ಮೂರನೆಯದನ್ನು ನಡುವೆ. ಆಮೇಲೆ ಎರಡು ಟಾಂಕಾಗಳ ನಡುವೆ ಇನ್ನೊಂದು, ಅವುಗಳ ನಡುವೆ ಮತ್ತೊಂದು, ಹೀಗೆ ಬಿಂದುಗಳು ಒಂದನ್ನೊಂದು ಮುಟ್ಟುವವರೆಗೆ. ಗೇಣು ದೂರದಲ್ಲಿ ಬರಿಗೈ ಇಟ್ಟುಕೊಳ್ಳಲು ಆಗದಿದ್ದರೆ, ತಣಿಯುವವರೆಗೆ ಆ ಕಡೆ ಮತ್ತೆ ಹೋಗಬೇಡಿ. ಆಮೇಲೆ ಗ್ರೈಂಡರ್ ಕೂಡ ತಗಡನ್ನು ಕಾಯಿಸುತ್ತದೆ. ಬೆಸುಗೆಯಲ್ಲಿ ತಾಳ್ಮೆ ತೋರಿಸಿ ಗ್ರೈಂಡರಿನಲ್ಲಿ ತಗಡನ್ನು ನೀಲಿ ಮಾಡಿದವರನ್ನೂ ನೋಡಿದ್ದೇನೆ. ತಂತಿ 0.6 ಮಿಲಿಮೀಟರಿನದು ತೆಳು ತಗಡಿಗೆ ಒಳ್ಳೆಯದು. ಆರ್ಗಾನ್ ಬೆರೆತ ಗ್ಯಾಸ್ ಸಿಕ್ಕರೆ ಬರೀ ಕಾರ್ಬನ್ ಡೈಆಕ್ಸೈಡ್‌ಗಿಂತ ಬೆಸುಗೆ ಸೌಮ್ಯವಾಗಿ ಕೂರುತ್ತದೆ. ಗ್ಯಾಸೇ ಬೇಡದ ತಂತಿಯ ಅಗ್ಗದ ಯಂತ್ರಗಳನ್ನು ಒಂದು ಮಿಲಿಮೀಟರಿಗಿಂತ ತೆಳುವಾದ ಬಾಡಿ ತಗಡಿಗೆ ನಾನು ಹೇಳುವುದಿಲ್ಲ. ಸೆಕೆ ಎಂದು ಫ್ಯಾನನ್ನು ಬೆಸುಗೆಯತ್ತ ತಿರುಗಿಸಿಕೊಂಡು ಕೂರಬೇಡಿ, ಗ್ಯಾಸ್ ಹಾರಿಹೋಗಿ ಬೆಸುಗೆಯ ತುಂಬ ತೂತುಗಳೇಳುತ್ತವೆ.

ಜೋಡಣೆಯ ಗೆರೆಯನ್ನು ಸಾಧ್ಯವಾದಷ್ಟು ಬಾಗು ಇರುವಲ್ಲಿ, ಅಂಚಿನ ಹತ್ತಿರ ಇಟ್ಟುಕೊಳ್ಳಿ. ಬಾಗಿದ ತಗಡು ಎಳೆತವನ್ನು ತಡೆದುಕೊಳ್ಳುತ್ತದೆ, ಚಪ್ಪಟೆ ತಗಡಿಗೆ ಆ ಶಕ್ತಿಯಿಲ್ಲ. ಬರೀ ತೇಪೆಯಾದರೆ ಮೂಲೆಗಳನ್ನು ದುಂಡಗೆ ಕತ್ತರಿಸಿ. ತುಕ್ಕಿನ ವಿಷಯದಲ್ಲಿ ಲೋಭ ಬೇಡ, ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಲೇಬೇಕು. ಉಬ್ಬುತಗ್ಗನ್ನು ಲಂಬಿಯಿಂದ ಮುಚ್ಚುತ್ತೇನೆ ಎನ್ನುವವರಿಗೆ ಒಂದು ಮಾತು: ಎರಡು ಮೂರು ಮಿಲಿಮೀಟರ್ ಮೀರಿದ ಲಂಬಿ, ಅದೂ ಟಕ್ ಟಕ್ ಎಂದು ಆಡುವ ತಗಡಿನ ಮೇಲೆ ಬಳಿದದ್ದು, ಬಿರುಕು ಬಿಟ್ಟೇ ಬಿಡುತ್ತದೆ. ಆ ಬಿರುಕಿನಲ್ಲಿ ಮಳೆನೀರು ಇಳಿದರೆ ಹೊಸ ತಗಡೂ ಹೋಯಿತು.

ಇಲ್ಲಿ ಹೇಳಿದ್ದೆಲ್ಲ ಹೊರಮೈಯ ತಗಡಿಗೆ. ಪದ್ಮಿನಿಯಲ್ಲಿ ಬೇರೆ ಚಾಸಿಯಿಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಕಂಬಗಳು, ಸಸ್ಪೆನ್ಷನ್ ಕೂರುವ ಜಾಗ, ಇವುಗಳಿಗೆ ಹೊಸಬರು ಕೈ ಹಾಕಬಾರದು. ಆಧಾರ ಕೊಡದೆ ಕತ್ತರಿಸಿದರೆ ಗಾಡಿ ಕುಸಿದು, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಈಚಿನ ಕಾರುಗಳ ಕಂಬಗಳಲ್ಲಿ ಇರುವ ಹೆಚ್ಚು ಬಲದ ಉಕ್ಕು ಕಾದರೆ ತನ್ನ ಬಲವನ್ನೇ ಕಳೆದುಕೊಳ್ಳಬಹುದು, ಅದು ಬೇರೆಯೇ ವಿದ್ಯೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಅದನ್ನು ಪರವಾನಗಿ ಇರುವವರಿಂದ ಕಳಚಿಸಿದ ಮೇಲೆಯೇ ಕಿಡಿ ಹಾರಿಸಿ. ಪೆಟ್ರೋಲ್ ಟ್ಯಾಂಕ್ ಖಾಲಿಯಿದೆ ಎಂದು ಒಳಗೇ ಬಿಡಬೇಡಿ, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ತುಂಬಿದ ಟ್ಯಾಂಕಿಗಿಂತ ಅಪಾಯ. ಸತು ಬಳಿದ ತಗಡನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಿ.

ಮುಂಬೈಯ ಉಪ್ಪುಗಾಳಿಯಲ್ಲಿ ಬರಿ ತಗಡು ಒಂದು ರಾತ್ರಿಗೇ ಕೆಂಪಾಗುತ್ತದೆ, ಜುಲೈ ತಿಂಗಳಲ್ಲಂತೂ ಸಂಜೆಯವರೆಗೂ ಕಾಯುವುದಿಲ್ಲ. ಬೆಸುಗೆ ತಣಿದ ದಿನವೇ ಹೊರಗೆ ಪ್ರೈಮರ್, ಕೈ ಹೋಗದ ಒಳಭಾಗಕ್ಕೆ ಉದ್ದ ನಳಿಕೆಯಿಂದ ಮೇಣದ ಲೇಪ. ನೀರು ಹರಿದುಹೋಗಲು ಕಂಪನಿಯವರು ಬಿಟ್ಟಿರುವ ಕೆಳಗಿನ ತೂತುಗಳನ್ನು ಲೇಪದಿಂದ ಮುಚ್ಚಿಬಿಡಬೇಡಿ, ತಂತಿ ಹಾಕಿ ತೆರೆದಿವೆಯೇ ಎಂದು ನೋಡಿ. ನನ್ನಲ್ಲಿಗೇ ಬರುವುದಾದರೆ ಬೆಸುಗೆ ಹಾಕುವ ಮೊದಲೇ, ಹೊಸ ತಗಡನ್ನು ಕ್ಲಾಂಪಿನಲ್ಲಿ ಹಿಡಿಸಿಕೊಂಡು ಬನ್ನಿ. ಎಲ್ಲಿ ಮೊದಲ ಟಾಂಕಾ, ಎಲ್ಲಿ ಎರಡನೆಯದು ಎಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.