ಕಬ್ಬಿನ ಸಿಪ್ಪೆಯಿಂದ ಪಾರ್ಟಿಕಲ್ ಬೋರ್ಡ್: ಮೊದಲು ಬೆಂಡು ತೆಗೆಯಿರಿ

ಮಂಡ್ಯದಲ್ಲಿ ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯನ್ನು (ಬ್ಯಾಗಸ್) ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಆಲೆಮನೆಯವರು ಅದನ್ನು ಬಯಲಲ್ಲಿ ಹರವಿ ಒಣಗಿಸಿ ಕೊಪ್ಪರಿಗೆಯ ಒಲೆಗೆ ಹಾಕುತ್ತಾರೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಉರಿಯುವುದೂ ಅದರಿಂದಲೇ. ಪಾರ್ಟಿಕಲ್ ಬೋರ್ಡಿಗೆಂದು, ಅಂದರೆ ನಾರು-ಚೂರಿಗೆ ಅಂಟು ಬೆರೆಸಿ ಒತ್ತಿ ಮಾಡುವ ಹಲಗೆಗೆಂದು, ಸಿಪ್ಪೆ ಕೊಂಡರೆ ಒಲೆಗೆ ಬೇರೆ ಉರುವಲು ಬೇಕು. ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಬರೆಯುವಾಗ ಆ ಖರ್ಚನ್ನೂ ಸೇರಿಸಿ.

ಒಂದು ಹಿಡಿ ಸಿಪ್ಪೆ ಬಿಡಿಸಿ ನೋಡಿ. ಹೊರಗಡೆಯದು ಗಟ್ಟಿ ನಾರು, ಒಳಗಿನದು ಸ್ಪಂಜಿನಂಥ ಬೆಂಡು. ಒಣ ತೂಕದಲ್ಲಿ ಸುಮಾರು ಶೇ. 30ರಷ್ಟು ಈ ಬೆಂಡೇ. ಅದು ಅಂಟನ್ನೆಲ್ಲ ಕುಡಿದುಬಿಡುತ್ತದೆ, ಬಲ ಮಾತ್ರ ಕೊಡುವುದಿಲ್ಲ. ನೀರು ತಾಗಿದರೆ ಬೋರ್ಡು ಊದಿಕೊಳ್ಳುತ್ತದೆ. ಹ್ಯಾಮರ್ ಮಿಲ್‌ನಲ್ಲಿ ಬಡಿದು ಜರಡಿ ಹಿಡಿದರೆ ನಾರು ಬೇರೆಯಾಗುತ್ತದೆ. ಉದುರಿದ ಬೆಂಡು ಬಾಯ್ಲರ್‌ಗೇ ಹೋಗಲಿ, ಉರುವಲಿನ ಕೊರತೆ ಅಷ್ಟಾದರೂ ತುಂಬೀತು.

ಮುಂದಿನದು ಎಲ್ಲ ಪಾರ್ಟಿಕಲ್ ಬೋರ್ಡಿನ ಹಾಗೇ: ತೇವ ಶೇ. 3–5ಕ್ಕೆ ಇಳಿಸಿ, ಒಣ ನಾರಿನ ತೂಕದ ಶೇ. 8–12ರಷ್ಟು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು, ಗಟ್ಟಿಯಾಗಲು ಚೂರು ಅಮೋನಿಯಂ ಕ್ಲೋರೈಡ್, ನೀರು ತಡೆಯಲು ಸ್ವಲ್ಪ ಮೇಣ. ಹಾಸು ಮಾಡಿ 160–180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತುವುದು. ತೇವ ಹೆಚ್ಚಿದ್ದರೆ ಒಳಗೆ ಸಿಕ್ಕಿಬಿದ್ದ ಆವಿ ಪ್ರೆಸ್ ತೆರೆದ ಕೂಡಲೇ ಬೋರ್ಡನ್ನು ಸೀಳುತ್ತದೆ.

ಮುಂದಿನ ಲೆಕ್ಕವೂ ಪರೀಕ್ಷೆಗೆ ಬರುವಂಥದ್ದು. 8x4 ಅಡಿಯ, 12 ಮಿ.ಮೀ. ದಪ್ಪದ, ಘನಮೀಟರಿಗೆ 650 ಕೆ.ಜಿ. ಸಾಂದ್ರತೆಯ ಒಂದು ಹಲಗೆ ಸುಮಾರು 23 ಕೆ.ಜಿ. ತೂಗುತ್ತದೆ. ತೇವ, ಅಂಟು ಕಳೆದರೆ ನಾರು 19–20 ಕೆ.ಜಿ. ಬೆಂಡು ಸೇರಿದ ಒಣ ಸಿಪ್ಪೆ 28 ಕೆ.ಜಿ. ಹಸಿ ಸಿಪ್ಪೆಯಲ್ಲಿ ಅರ್ಧ ನೀರು, ಹಾಗಾಗಿ 56 ಕೆ.ಜಿ. ಕಾರ್ಖಾನೆಯಲ್ಲಿ ಅರೆದ ಕಬ್ಬಿನ ಶೇ. 30ರಷ್ಟು ಸಿಪ್ಪೆ ಎಂದಿಟ್ಟುಕೊಂಡರೆ, ಒಂದು ಹಲಗೆಗೆ ಹೆಚ್ಚುಕಡಿಮೆ 187 ಕೆ.ಜಿ. ಕಬ್ಬು!

ಭತ್ತದ ಹೊಟ್ಟಾದರೆ ಕಥೆಯೇ ಬೇರೆ. ಸಿಲಿಕಾ ಮತ್ತು ಮೇಣದ ಪದರದಿಂದಾಗಿ ಯೂರಿಯಾ ಅಂಟು ಸರಿಯಾಗಿ ಹಿಡಿಯುವುದಿಲ್ಲ. ದುಬಾರಿ ಐಸೋಸಯನೇಟ್ ಅಂಟು ಬೇಕು, ಗರಗಸದ ಹಲ್ಲೂ ಬೇಗ ಮೊಂಡಾಗುತ್ತದೆ.

ಸಿದ್ಧ ಬೋರ್ಡಿಗೆ ಐಎಸ್ 3087 ಎಂಬ ಭಾರತೀಯ ಮಾನದಂಡವಿದೆ. ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದ್ದರಿಂದ ಅಂಟಿನ ಪ್ರಶ್ನೆ ವೈವಾದಲ್ಲೂ (ಮೌಖಿಕ ಪರೀಕ್ಷೆ) ಬರಬಹುದು.

ದಾಸ್ತಾನು ಇನ್ನೊಂದು ತಲೆನೋವು. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೂ ಬೋರ್ಡಿನ ಯಂತ್ರ ಓಡಬೇಕಲ್ಲ! ರಾಶಿ ಹಾಕಿದ ಸಿಪ್ಪೆಯಲ್ಲಿ ಉಳಿದ ಸಕ್ಕರೆ ಹುಳಿಯುತ್ತದೆ, ರಾಶಿ ಕಾಯುತ್ತದೆ, ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಹಿಡಿದ ಸಿಪ್ಪೆಯ ಧೂಳು ಉಸಿರಾಡಿದರೆ ಬ್ಯಾಗಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಆದ್ದರಿಂದ ಸಿಪ್ಪೆಯನ್ನು ಒಣಗಿಸಿಯೇ ಬೇಲ್ ಕಟ್ಟಬೇಕು, ಸಾಲುಗಳ ನಡುವೆ ಗಾಳಿಯಾಡಲು ಜಾಗ ಬಿಡಬೇಕು, ಹಳೇ ರಾಶಿ ಕೆದಕುವವರು ಮಾಸ್ಕ್ ಹಾಕಿಕೊಳ್ಳಲೇಬೇಕು.